ಪಟ್ಟಿ ಕಟ್ಟಿದ ಗಿಡಗಳು

ಮಾತು ಬಿಟ್ಟ ಮನೆಯಲ್ಲಿ ಅಡುಗೆ ಮಾಡೋದಕ್ಕಿಂತ ಮಾತು ಹೊರೋದೇ ದೊಡ್ಡ ಕೆಲಸ. ನಮ್ಮತ್ತೆ ಮತ್ತು ಅವರ ಮಗ, ಅಂದರೆ ನನ್ನ ಗಂಡ, ಒಬ್ಬರಿಗೊಬ್ಬರು ಮಾತು ಬಿಟ್ಟು ಹನ್ನೊಂದು ದಿನ ಆಗಿತ್ತು. ಮನೆ ಏನು ಅರಮನೆಯಲ್ಲ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಚ್ಚಲು. ಊಟದ ಮೇಜಿನ ಈ ಕಡೆ ಅತ್ತೆ, ಆ ಕಡೆ ಇವರು. ನಡುವೆ ಬೇಳೆ ಪಾತ್ರೆ, ಬ್ರೆಡ್ಡು, ಮತ್ತೆ ನಾನು.

"ಉಪ್ಪು ಸರಿಯಾಗಿದೆಯಾ ಅಂತ ಕೇಳು ಅವನನ್ನ," ಅಂತ ಅತ್ತೆ ನನ್ನ ಮುಖ ನೋಡಿ ಹೇಳ್ತಾರೆ.

"ಸರಿಯಾಗಿದೆ ಅಂತ ಹೇಳು," ಅಂತ ಇವರು ತಟ್ಟೆ ನೋಡಿ ಹೇಳ್ತಾರೆ.

"ಸರಿಯಾಗಿದೆಯಂತೆ ಅತ್ತೆ."

"ಕೇಳಿಸ್ತು. ನಾನೇನು ಕಿವುಡಿಯಾ?"

ಹದಿನಾಲ್ಕು ವರ್ಷದ ಮಗಳು ಬ್ರೆಡ್ಡು ಬಾಯಲ್ಲಿಟ್ಟುಕೊಂಡೇ ನಗ್ತಾಳೆ. "ಅಮ್ಮಾ, ಪೋಸ್ಟ್‌ಮ್ಯಾನಿಗೆ ಸೈಕಲ್ಲಾದ್ರೂ ಕೊಡ್ತಾರೆ. ನಿನಗೆ ಅದೂ ಇಲ್ಲ." ನನಗೂ ನಗು ಬರುತ್ತೆ, ಆದರೆ ನಗೋದಕ್ಕೂ ಒಂದಿಷ್ಟು ತ್ರಾಣ ಬೇಕಲ್ಲ.

ಜಗಳ ಹುಟ್ಟಿದ್ದು ಹಿತ್ತಿಲಲ್ಲಿ. ನಮ್ಮ ಮನೆಯ ಹಿಂದೆ, ಮನೆಯ ಮೂರರಷ್ಟು ದೊಡ್ಡ ಜಾಗ ಇದೆ. ಮರಳು, ಜಲ್ಲಿ, ಬಿಸಿಲು, ಈ ಮೂರು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಅತ್ತೆ ಮೂವತ್ತೈದು ವರ್ಷ ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿದವರು. ಕೆಲಸ ಬಿಟ್ಟ ತಿಂಗಳಲ್ಲೇ ತಮ್ಮ ಜಾಗಕ್ಕೆ ನನ್ನನ್ನು ಸೇರಿಸಿದರು, ತಾವು ಒಂದು ಡಬ್ಬಿ ಬೀಜ ಹಿಡಿದು ಹಿತ್ತಿಲಿಗೆ ಇಳಿದರು. ಅದು ನಾಲ್ಕು ವರ್ಷದ ಹಿಂದಿನ ಮಾತು. ಮರುಭೂಮಿಯ ಪೊದೆಯಂತೆ, ಹೊಹೋಬಾ ಅಂತ ಹೆಸರಂತೆ, ಬೀಜ ಹಿಂಡಿದರೆ ಎಣ್ಣೆ ಬರುತ್ತಂತೆ, ಆ ಎಣ್ಣೆಯನ್ನು ಸೋಪಿಗೂ ತಲೆಗೂ ಹಾಕ್ತಾರಂತೆ. ಇಷ್ಟೊಂದು 'ಅಂತೆ' ಕೇಳಿದ ಮಗಳು ಅದಕ್ಕೆ 'ಹೋ ಹೋ ಗಿಡ' ಅಂತ ಹೆಸರಿಟ್ಟಳು. ಮನೆಯಲ್ಲಿ ಅದೇ ಹೆಸರು ಉಳೀತು.

ಮಕ್ಕಳನ್ನೂ ಹಾಗೆ ಸಾಕಲ್ಲ ಬಿಡಿ. ಸಸಿಯ ಪಕ್ಕ ಮೊಳದುದ್ದದ ಪೈಪು ನೆಟ್ಟು, ಹದಿನೈದು ದಿನಕ್ಕೊಮ್ಮೆ ಅದರೊಳಗೆ ನೀರು ಬಿಡಬೇಕು. ಮೇಲೆ ಒಂದು ಹನಿ ಬೀಳಬಾರದು. "ಮೇಲೆ ಕುಡಿಸಿದ್ರೆ ಬೇರು ಸೋಮಾರಿಯಾಗುತ್ತೆ. ಕೆಳಗೆ ಹುಡುಕ್ಕೊಂಡು ಹೋಗ್ಲಿ," ಅಂತ ಅತ್ತೆ. ಮೂರನೇ ವರ್ಷದಿಂದ ಅದೂ ಇಲ್ಲ. ಸುತ್ತ ಕಳೆ ಕೀಳಬೇಕು, ಮುಂದೆ ಉದುರೋ ಬೀಜ ಗುಡಿಸೋಕೆ ಅನುಕೂಲ ಆಗಲಿ ಅಂತ ನೆಲಕ್ಕೆ ತಾಗೋ ಕೊಂಬೆ ಸವರಬೇಕು. ಚಳಿ ಕೊರೆಯೋ ತಿಂಗಳಲ್ಲಿ ಸಂಜೆಗೆಲ್ಲ ಒಂದೊಂದು ಗಿಡಕ್ಕೂ ಹೋಟೆಲಿನ ಹರಿದ ಬೆಡ್‌ಶೀಟು ಹೊದಿಸಬೇಕು, ಬೆಳಗ್ಗೆ ತೆಗೆಯಬೇಕು. ಪಕ್ಕದ ಮನೆಯ ಬಡಗಿ ಬೇಲಿಯಾಚೆಯಿಂದ, "ಏನಮ್ಮಾ, ನಿಮ್ಮತ್ತೆ ಆಸ್ಪತ್ರೆ ತೆಗೆದವ್ರಾ?" ಅಂತ ಕೇಳಿದ್ದ. ಎಪ್ಪತ್ತು ಗಿಡ. ಆ ಎಪ್ಪತ್ತಕ್ಕೂ ಬೆಡ್‌ಶೀಟು ಹೊದಿಸೋದರಲ್ಲಿ ನನ್ನ ಕೈಯೂ ಇತ್ತು, ಬಾಯಲ್ಲಿ ಗೊಣಗಾಟವೂ ಇತ್ತು.

ಆ ಬೀಜ ಕೊಟ್ಟಿದ್ದು ಎರಡು ಬಸ್ಸಿನಾಚೆ ಎಣ್ಣೆ ಗಿರಣಿ ನಡೆಸೋ ಹೆಂಗಸು. ನಾವು ಎಣ್ಣೆಯಮ್ಮ ಅಂತೀವಿ. ಆಕೆಯೇ ಹೇಳಿದ್ದು: ಈ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಹೂ ಬಿಡೋವರೆಗೆ ಯಾವುದು ಯಾವುದಂತ ದೇವರಿಗೂ ಗೊತ್ತಾಗಲ್ಲ, ಹೂ ಬಿಡೋಕೆ ಮೂರೋ ನಾಲ್ಕೋ ವರ್ಷ. ಕಾಯಿ ಹೆಣ್ಣಿಗೆ ಮಾತ್ರ. ಪರಾಗವನ್ನು ಗಾಳಿಯೇ ಹೊರುತ್ತೆ, ಹಾಗಾಗಿ ಗಂಡು ಏಳೆಂಟು ಇದ್ದರೆ ಸಾಕು. ಉಳಿದ ಗಂಡುಗಳನ್ನು ಕಿತ್ತು ಬಿಸಾಕಬೇಕು, ಸುಮ್ಮನೆ ನೆಲದ ತೇವ ತಿನ್ನುತ್ತವೆ. ಹಿತ್ತಿಲಲ್ಲಿ ಮೂವತ್ತು ಹೆಣ್ಣು ನಿಂತರೆ ವರ್ಷಾ ವರ್ಷ ಬೀಜ ತಾನೇ ಕೊಳ್ತೀನಿ ಅಂತ ಬರೆದು ಕೊಡೋಕೂ ಎಣ್ಣೆಯಮ್ಮ ಒಪ್ಪಿದ್ದಳು. ಮೂವತ್ತಕ್ಕಿಂತ ಕಮ್ಮಿ ಇದ್ದರೆ ಗಾಡಿ ಕಳಿಸೋ ಖರ್ಚೂ ಹುಟ್ಟಲ್ಲ ಅಂದಿದ್ದಳು.

"ಫಲ ಕೊಡದ ಗಂಡನ್ನ ಕಿತ್ತು ಹಾಕೋದಾ? ಅಪ್ಪಾ, ಹುಷಾರು," ಅಂತ ಮಗಳು ಆಗಲೇ ತಮಾಷೆ ಮಾಡಿದ್ದಳು.

ಇವರಿಗೆ ಆ ಜಾಗದ ಮೇಲೆ ಬೇರೆ ಲೆಕ್ಕ. ಇವರು ರಸ್ತೆ ಬದಿಯ ಮರ ಕಡಿಯೋ ತಂಡದಲ್ಲಿ ಇದ್ದಾರೆ. ತಂತಿಗೆ ತಾಗೋ ಕೊಂಬೆ, ಒಣಗಿದ ಮರ, ಗಾಳಿಗೆ ವಾಲಿದ ಮರ, ಎಲ್ಲ ಇವರದ್ದೇ. ಹೋದ ವರ್ಷ ಏಣಿಯಿಂದ ಬಿದ್ದು ಬಲಭುಜ ಕಳಚಿತ್ತು. ಕೂಡಿಸಿದರು, ಆದರೆ ಅವತ್ತಿಂದ ಅಂಗಿ ಹಾಕಿಕೊಳ್ಳೋವಾಗಲೂ ಹಲ್ಲು ಕಚ್ಚುತ್ತಾರೆ. ಹಿತ್ತಿಲಲ್ಲಿ ಒಂದು ಶೆಡ್ಡು ಹಾಕಿ, ಗರಗಸದ ಯಂತ್ರ ಇಟ್ಟು, ನೆಲದ ಮೇಲೆ ನಿಂತು ಹಲಗೆ ಕೊಯ್ದು ಬದುಕೋಣ ಅನ್ನೋದು ಇವರ ಆಸೆ. ಶೆಡ್ಡಿಗೆ ಸ್ವಲ್ಪ ಜಾಗ ಸಾಕು, ಆದರೆ ಮರ ಇಳಿಸೋ ಲಾರಿ ತಿರುಗೋಕೆ ಮಿಕ್ಕಿದ್ದೆಲ್ಲ ಬೇಕು. ನಿಜ ಹೇಳ್ತೀನಿ, ನನಗೂ ಆ ಶೆಡ್ಡೇ ಬೇಕಿತ್ತು. ಮೂರು ಹೊತ್ತೂ ಫೋನ್ ಬಂದರೆ ಎದೆ ಧಸಕ್ ಅನ್ನೋ ಬಾಳು ಸಾಕಾಗಿತ್ತು. ಅತ್ತೆಯ ಗಿಡ ಮುದುಕಿಯ ಹಟ ಅಂತಲೇ ತಿಳಿದಿದ್ದೆ. ಎತ್ತು ಏರಿಗೆ, ಕೋಣ ನೀರಿಗೆ. ನಮ್ಮ ಸಂಸಾರದ ಬಂಡಿ ನಡೀತಿದ್ದದ್ದು ಹೀಗೆ.

ಕೊನೆಗೆ ಅತ್ತೆಯೇ ಒಂದು ಮಾತು ಕೊಟ್ಟರು. "ಈ ಸಲ ಹೂ ಬಿಡ್ಲಿ. ಮೂವತ್ತಕ್ಕೆ ಒಂದು ಹೆಣ್ಣು ಕಮ್ಮಿಯಾದ್ರೂ ಜಾಗ ನಿಂದು. ಆದ್ರೆ ಅಲ್ಲೀವರೆಗೂ ಕಾಲಿಡಬೇಡ."

ಇವರು ಕಾಲಿಡಲಿಲ್ಲ, ಮರದ ದಿಮ್ಮಿ ಇಟ್ಟರು. ತಂಡದ ಲಾರಿಯವನು ಬಿಟ್ಟಿ ಕೊಟ್ಟ ಅಂತ ಹತ್ತು ದಿಮ್ಮಿ ತಂದು ಹಿತ್ತಿಲ ಅಂಚಿಗೆ ಉರುಳಿಸಿದರು. ಅದರಲ್ಲೊಂದು ಜಾರಿ ಗಿಡದ ಕೊಂಬೆ ಮುರೀತು. ಅತ್ತೆ ಪೊರಕೆ ಹಿಡಿದುಕೊಂಡೇ ಓಡಿ ಬಂದರು.

"ಕಣ್ಣಿಲ್ವೇನೋ ನಿನಗೆ? ನಾಲ್ಕು ವರ್ಷದ ಗಿಡ!"

"ಆ ಪೊದೆಗಿರೋ ಮರ್ಯಾದೆ ಈ ಮನೇಲಿ ನನಗಿಲ್ಲ. ನಾನು ಬಿದ್ದಾಗ ಬೆಡ್‌ಶೀಟು ಹೊದಿಸಿದ್ಯಾ?"

"ಹೊದಿಸಿದ್ದೆ ಕಣೋ, ಹೊದಿಸಿದ್ದೆ. ಎರಡು ತಿಂಗಳು ತುತ್ತು ಮಾಡಿ ತಿನ್ನಿಸಿದ್ದೆ. ಅದಕ್ಕೆ ಇದಾ ಪ್ರತಿಫಲ?"

"ತಿನ್ನಿಸಿದ್ದನ್ನ ಎಣಿಸ್ತೀಯಲ್ಲ, ಆಯ್ತು. ಇವತ್ತಿಂದ ನಿನ್ನ ಮಾತೇ ನನಗೆ ಬೇಡ."

"ಬೇಡದಿದ್ರೆ ಬಿಡು."

ಅಷ್ಟೇ. ಅಲ್ಲಿಂದ ನನ್ನ ಅಂಚೆ ಕೆಲಸ ಶುರು.

ಈ ನಡುವೆ ಹೂ ಬಿಡೋಕೆ ಹಿಡೀತು. ಗಂಡು ಗಿಡದ ಹೂ ಹಳದಿ, ಗೊಂಚಲು ಗೊಂಚಲು, ಮುಟ್ಟಿದರೆ ಬೆರಳಿಗೆ ಪುಡಿ. ಹೆಣ್ಣಿನದು ನೋಡಿದರೆ ಹೂ ಅಂತಲೇ ಅನ್ನಿಸಲ್ಲ. ಎಲೆಯ ಕಂಕುಳಲ್ಲಿ ಒಂದೇ ಒಂದು, ತಿಳಿ ಹಸಿರು, ತಲೆ ತಗ್ಗಿಸಿ ನೇತಾಡ್ತಾ ಇರುತ್ತೆ. ಅತ್ತೆ ಒಂದು ಬೆಳಗ್ಗೆ ನನ್ನ ಕೈ ಹಿಡಿದು ಎಳಕೊಂಡು ಹೋಗಿ ತೋರಿಸಿದರು. ನನಗೆ ಬಸ್ಸಿಗೆ ಹೊತ್ತಾಗಿತ್ತು. "ಚೆನ್ನಾಗಿದೆ ಅತ್ತೆ," ಅಂದೆ. "ಚೆನ್ನಾಗಿರೋದೇನು ಬಂತು, ನೋಡಿ ಗುರುತಿಟ್ಕೋ," ಅಂದರು. ನನ್ನ ಮೊಣಕೈಯನ್ನು ಒಂದು ಸಲ ಒತ್ತಿ ನೋಡಿ ಬಿಟ್ಟರು.

ಆಮೇಲೆ ದಿನಾ ಸಂಜೆ ಊಟಕ್ಕೆ ಕೂತಾಗ ಮಗಳು ಹೆಣ್ಣು ಗಿಡಗಳ ಲೆಕ್ಕವನ್ನ ಆಟದ ಅಂಕದ ಹಾಗೆ ಒಪ್ಪಿಸೋಳು. "ಅಜ್ಜಿ ಹತ್ತೊಂಬತ್ತು." ಎರಡು ದಿನ ಬಿಟ್ಟು, "ಇಪ್ಪತ್ನಾಲ್ಕು." ಇವರು ಕೇಳದವರ ಹಾಗೆ ಆಲೂಗಡ್ಡೆ ಸಿಪ್ಪೆ ಸುಲೀತಾ ಇರೋರು, ಆದರೆ ಅಂಕ ಕೇಳಿದ ಕೂಡಲೇ ಚಾಕು ಒಂದು ಕ್ಷಣ ನಿಲ್ಲುತ್ತಿತ್ತು. ಇಪ್ಪತ್ತೊಂಬತ್ತಕ್ಕೆ ಬಂದು ಮೂರು ದಿನ ಅಲ್ಲೇ ನಿಂತಿತು. ಅತ್ತೆಗೆ ಊಟ ಸೇರಲಿಲ್ಲ. ಇವರು ಆ ಮೂರು ದಿನ ಶೆಡ್ಡಿಗೆ ಬೇಕಾದ ತಗಡಿನ ಶೀಟು ವಿಚಾರಿಸ್ಕೊಂಡು ಬಂದರು. ನಾಲ್ಕನೇ ದಿನ ಮಗಳು ಶಾಲೆಯ ಚೀಲ ಕೆಳಗಿಡದೆ ಕೂಗಿದಳು, "ಮೂವತ್ತೊಂದು!"

ಇವರು ಚಾಕು ಕೆಳಗಿಟ್ಟರು. ಆಮೇಲೆ, "ಹೋಗ್ಲಿ ಬಿಡು. ಮುದುಕಿ ಗೆದ್ಲು," ಅಂದರು. ಆ ಮಾತಲ್ಲಿ ಸಿಟ್ಟಿರಲಿಲ್ಲ. ಇವರ ಗುಣ ಹಾಗೇ, ಸೋಲು ಖಾತ್ರಿಯಾದ ಮೇಲೆ ಮೆತ್ತಗಾಗ್ತಾರೆ.

ಶನಿವಾರ ನಾನು ಲಾಂಡ್ರಿಯಿಂದ ಬರೋಷ್ಟರಲ್ಲಿ ಕಾಲು ನನ್ನದಲ್ಲ ಅನ್ನೋ ಹಾಗಾಗಿತ್ತು. ಹೋಟೆಲ್ ಭರ್ತಿ, ಎರಡು ಪಾಳಿ, ಆರುನೂರು ಬೆಡ್‌ಶೀಟು. ಅತ್ತೆ ಬಾಗಿಲಲ್ಲೇ ಕಾಯ್ತಾ ಇದ್ದರು.

"ನಾಳೆ ನಾನೂ ಮಗುವೂ ಎಣ್ಣೆಯಮ್ಮನ ಮನೆಗೆ ಹೋಗ್ತೀವಿ. ಬೇಡದ ಗಂಡು ಗಿಡ ಕೀಳಬೇಕು, ನನ್ನ ಕೈಲಿ ಆಗಲ್ಲ. ಬೇರು ಆಳಕ್ಕಿದೆ. ಅವನಿಗೆ ರಜೆ ತಾನೆ, ಕಿತ್ತು ಕೊಡೋಕೆ ಹೇಳು. ಬಟ್ಟೆ ಪಟ್ಟಿ ಕಟ್ಟಿದ್ದೀನಿ, ನೋಡಿದ್ರೆ ಗೊತ್ತಾಗುತ್ತೆ."

ಒಳಗೆ ಬಂದು ಚಪ್ಪಲಿ ಬಿಡೋ ಮುಂಚೆ ಇವರಿಗೆ ಹೇಳಿದೆ. "ನಾಳೆ ಬೇಡದ ಗಂಡು ಗಿಡ ಕೀಳಬೇಕಂತೆ. ಪಟ್ಟಿ ಕಟ್ಟಿದ್ದಾರಂತೆ."

ಇವರ ಮುಖ ಅರಳಿತು. ಹದಿನೇಳನೇ ದಿನಕ್ಕೆ ತಾಯಿ ಒಂದು ಕೆಲಸ ಕೇಳಿದ್ದಾಳಲ್ಲ! "ಪಟ್ಟಿ ಕಟ್ಟಿದ್ದಾಳಾ? ಹಂಗಾದ್ರೆ ಸುಲಭ. ನಮ್ಮ ಆಫೀಸಿನೋರೂ ಹಂಗೇ ಮಾಡೋದು. ಹೋಗ್ತಾ ಇರ್ತೀವಿ, ಪಟ್ಟಿ ಕಂಡ ಮರ ಕಡಿದು ಇಳಿಸ್ತೀವಿ." ನಾನು ತಲೆ ಆಡಿಸಿದೆ. ನನ್ನ ತಲೆಯಲ್ಲಿ ಇನ್ನೂ ಬೆಡ್‌ಶೀಟುಗಳೇ ಮಡಚಿಕೊಳ್ತಾ ಇದ್ದವು.

ಭಾನುವಾರ ಬೆಳಗ್ಗೆ ಅಜ್ಜಿ ಮೊಮ್ಮಗಳು ಮೊದಲ ಬಸ್ಸಿಗೆ ಹೋದರು. ಇವರು ಹಾರೆ, ಗುದ್ದಲಿ, ಕೈಗರಗಸ ತಗೊಂಡು ಹಿತ್ತಿಲಿಗಿಳಿದರು. ನಾನು ಒಂದು ವಾರದ ಬಟ್ಟೆ ಒಗೆದೆ, ನೆಲ ಒರೆಸಿದೆ, ಬೇಳೆ ಒಲೆಗಿಟ್ಟೆ, ಟೀ ಮಾಡಿಕೊಂಡು ಹಿಂದಿನ ಮೆಟ್ಟಿಲ ಮೇಲೆ ಕೂತೆ. ಕೂತೆ ಅಂದರೆ ಹಾಗೀಗಲ್ಲ. ಆ ವಾರದಲ್ಲಿ ಬಸ್ಸಿನ ಸೀಟು ಬಿಟ್ಟರೆ ನಾನು ಕೂತಿದ್ದು ಅದೇ ಮೊದಲು. ಬಿಸಿಲು ಬೆನ್ನಿಗೆ ಹಿತವಾಗಿತ್ತು. ಇವರು ಏನೋ ಗುನುಗುತ್ತಾ ಇದ್ದರು. ಅಚ್ಚುಕಟ್ಟು ಕೆಲಸ ಇವರದು. ಗಿಡದ ಸುತ್ತ ಮೊಳದಾಳ ಬಿಡಿಸಿ, ತಾಯಿಬೇರು ಕುಯ್ದು, ಎತ್ತಿ ರಾಶಿಗೆ ಹಾಕಿ, ಗುಂಡಿ ಮುಚ್ಚಿ, ಮುಂದಕ್ಕೆ.

"ನೋಡು, ಒಂದು ಬೇರೂ ಬಿಟ್ಟಿಲ್ಲ," ಅಂತ ಕೂಗಿದರು. "ಅಮ್ಮನಿಗೆ ಒಂದು ಕೆಲಸ ಮಾಡಿಕೊಟ್ಟ ಹಾಗಾಯ್ತು."

"ಹೂಂ," ಅಂದೆ.

ರಾಶಿ ನನ್ನ ಕಾಲಿಗೆ ಹತ್ತಿರದಲ್ಲೇ ಇತ್ತು. ಮೇಲಿದ್ದ ಕೊಂಬೆಗೆ ಅತ್ತೆ ಕಟ್ಟಿದ ಬಿಳಿ ಪಟ್ಟಿ, ಬೆಡ್‌ಶೀಟಿನ ಅಂಚು ಹರಿದಿದ್ದು. ಅದರ ಗಂಟಿನ ಮೇಲೆ ನನ್ನ ಕಣ್ಣು ಬಿತ್ತು. ಅದು ನಮ್ಮ ಲಾಂಡ್ರಿಯ ಗಂಟು. ಹೋಟೆಲಿನ ಅತಿಥಿಗಳ ಬಟ್ಟೆ ಬಂದ ಕೂಡಲೇ ಗುಂಡಿಯ ತೂತಿಗೆ ಹೀಗೇ ಪಟ್ಟಿ ಕಟ್ಟಬೇಕು. ಪಟ್ಟಿ ಇದ್ದ ಬಟ್ಟೆಗೆ ಯಜಮಾನರಿದ್ದಾರೆ, ಜೋಪಾನ ಮಾಡು ಅಂತ ಅರ್ಥ. ಪಟ್ಟಿ ಇಲ್ಲದ್ದು ಚಿಂದಿ ಮೂಟೆಗೆ. ಅತ್ತೆ ಮೂವತ್ತೈದು ವರ್ಷ ಕಟ್ಟಿದ ಗಂಟು, ನಾನು ನಾಲ್ಕು ವರ್ಷದಿಂದ ಕಟ್ಟುತ್ತಿರೋ ಗಂಟು. ಎಲೆ ಸರಿಸಿ ನೋಡಿದೆ. ಎಲೆಯ ಕಂಕುಳಲ್ಲಿ ತಿಳಿ ಹಸಿರು ಮೊಗ್ಗು, ಒಂದೇ ಒಂದು, ತಲೆ ತಗ್ಗಿಸಿಕೊಂಡು.

ಇವರು ಬೇಡದ್ದನ್ನು ಕೀಳ್ತಾ ಇರಲಿಲ್ಲ. ಉಳಿಸಬೇಕಾದ್ದನ್ನು ಕೀಳ್ತಾ ಇದ್ದರು.

ತಲೆ ಎತ್ತಿದೆ. ಬೇಲಿ ಪಕ್ಕದ ಸಾಲಿನಲ್ಲಿ ಇನ್ನೂ ಆರು ಬಿಳಿ ಪಟ್ಟಿ ಕಾಣ್ತಾ ಇತ್ತು. ಆರು ಅಂತ ಸ್ಪಷ್ಟವಾಗಿ ಎಣಿಸಿದೆ. ಕೂಗಬೇಕಿತ್ತು. ಒಂದು "ರೀ" ಅಂದಿದ್ದರೆ ಸಾಕಿತ್ತು. ಟೀ ಲೋಟ ಕೈಯಲ್ಲಿ ಬಿಸಿಯಾಗಿತ್ತು. ಕೂಗಿದರೆ ಏನೇನಾಗುತ್ತೆ ಅಂತೆಲ್ಲ ಸಾಲಾಗಿ ಕಣ್ಣ ಮುಂದೆ ಬಂತು: ಇವರು ತಲೆ ಚಚ್ಚಿಕೊಳ್ಳೋದು, ಅತ್ತೆ ಬಂದು ಅಳೋದು, ಇಬ್ಬರ ನಡುವೆ ಮತ್ತೆ ನಾನು ಓಡಾಡೋದು. ಹೇಗೂ ಹೋಗಿದ್ದು ಹೋಗಿದೆ, ಆರರಲ್ಲಿ ಏನಿದೆ ಅಂದುಕೊಂಡೆ. ಶೆಡ್ಡೂ ಕಣ್ಣ ಮುಂದೆ ಬಂತು, ಸುಳ್ಳು ಯಾಕೆ ಹೇಳಲಿ. ಕೂತೇ ಇದ್ದೆ. ಟೀ ಮುಗೀತು. ಆರೂ ಮುಗೀತು.

ಸಂಜೆ ಬಸ್ಸಿಳಿದು ಅತ್ತೆ ನಗ್ತಾ ಬಂದರು, ಕೈಯಲ್ಲಿ ಒಂದು ಕಾಗದದ ಲಕೋಟೆ. ಎಣ್ಣೆಯಮ್ಮ ಬರೆದು ಸಹಿ ಹಾಕಿ ಕೊಟ್ಟಿದ್ದಳು, ಬುಧವಾರ ಖುದ್ದು ನೋಡೋಕೆ ಬರ್ತಾಳಂತೆ. ಮನೆಯೊಳಗೂ ಬರದೆ ಸೀದಾ ಹಿತ್ತಿಲಿಗೆ ಹೋದರು. ಇವರು ಕೈಕಾಲು ತೊಳೆದುಕೊಂಡು, ಶಾಲೆಯ ಹುಡುಗನ ಹಾಗೆ ಬಾಗಿಲಲ್ಲಿ ನಿಂತಿದ್ದರು.

ಅತ್ತೆ ಸಾಲು ಸಾಲಾಗಿ ನಡೆದು ನೋಡಿದರು. ಆಮೇಲೆ ಅತ್ತೆಯ ದನಿ.

"ಯಾವುದನ್ನ ಕಿತ್ತೆ?"

ಅವರು ನೇರ ಮಗನನ್ನೇ ಕೇಳಿದ್ದರು. ಇವರು ಅದಕ್ಕೇ ಹಿಗ್ಗಿ, "ಪಟ್ಟಿ ಕಟ್ಟಿದ್ಯಲ್ಲಮ್ಮ, ಅಷ್ಟನ್ನೂ. ಮೂವತ್ತೊಂಬತ್ತು," ಅಂದರು.

"ಪಟ್ಟಿ ಕಟ್ಟಿದ್ದು ಉಳಿಸೋಕೆ."

"ಏನು?"

"ಮೂವತ್ತೊಂದು ಹೆಣ್ಣು, ಎಂಟು ಗಂಡು. ಉಳಿಸೋಕೆ ಕಟ್ಟಿದ್ದು. ಬೇಕಾದ್ದಕ್ಕೆ ಗುರುತು ಹಾಕ್ತಾರೋ, ಬೇಡದ್ದಕ್ಕೋ?"

"ನಮ್ಮಲ್ಲಿ ಬೇಡದ್ದಕ್ಕೇ ಹಾಕೋದು."

"ನಮ್ಮಲ್ಲಿ ಬೇಕಾದ್ದಕ್ಕೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡ್ತಾ ನಿಂತರು. ನೋಡ್ತಾ ನೋಡ್ತಾ ಅತ್ತೆಯ ಮುಖ ಬದಲಾಯ್ತು. "ಬೇಕೂಂತಲೇ ಮಾಡ್ದೆ ನೀನು," ಅಂದರು ಮೆಲ್ಲಗೆ. "ಎಪ್ಪತ್ತರಲ್ಲಿ ಒಂದೇ ಒಂದು ಹೆಣ್ಣನ್ನ ಬಿಟ್ಟಿಲ್ಲ. ತಪ್ಪು ಇಷ್ಟು ಅಚ್ಚುಕಟ್ಟಾಗಿ ಆಗಲ್ಲ. ತಗೋ, ಜಾಗ ನಿಂದು. ಲಾರಿ ತಿರುಗಿಸ್ಕೋ."

"ಅಮ್ಮಾ, ನಿನ್ನಾಣೆ..."

"ನನ್ನಾಣೆ ಇಡಬೇಡ. ನಾನಿನ್ನೂ ಬದುಕಿದ್ದೀನಿ."

ನಾನು ಬಾಯಿ ತೆಗೆಯಲಿಲ್ಲ. ಬೇಳೆ ಬಡಿಸಿದೆ. ಯಾರೂ ಮುಟ್ಟಲಿಲ್ಲ.

ಸೋಮವಾರ ಇವರು ತಂಡದ ಲಾರಿ ಕರೆಸಿ ಇಡೀ ರಾಶಿಯನ್ನು ಸಾಗಿಸಿಬಿಟ್ಟರು. ತಾಯಿಯ ಕಣ್ಣಿಗೆ ಬೀಳದಿರಲಿ ಅಂತ. ಅತ್ತೆ ಅದನ್ನೂ ಬೇರೆ ಥರ ತಿಳಿದರು. "ಸಾಕ್ಷೀನೂ ಸಾಗಿಸ್ದ," ಅಂದರು. ಬುಧವಾರ ಎಣ್ಣೆಯಮ್ಮ ಬಂದಳು, ಸೆರಗಿನಿಂದ ಬೆವರು ಒರೆಸಿಕೊಂಡು ಹಿತ್ತಿಲೆಲ್ಲ ಸುತ್ತಿದಳು. ಉಳಿದಿದ್ದ ಮೂವತ್ತೊಂದು ಗಂಡು ಗಿಡಗಳು ಹಳದಿ ಹೂ ತುಂಬಿಕೊಂಡು ಜೋರಾಗಿ ನಿಂತಿದ್ದವು.

"ಇವುಗಳನ್ನ ಇಟ್ಕೊಂಡು ಏನು ಮಾಡ್ಲಿ ತಾಯಿ, ಬರೀ ಬಡಾಯಿ ಇವುಗಳದ್ದು," ಅಂದಳು. ಆಮೇಲೆ ಪಾಪ, ಸಮಾಧಾನಕ್ಕೆ ಅಂತಲೇ ಒಂದು ಮಾತು ಸೇರಿಸಿದಳು. "ಒಂದು ಐದಾರು ಹೆಣ್ಣು ಜೀವಂತ ಇದ್ದಿದ್ರೂ ಸಾಕಿತ್ತು ನೋಡಿ. ಕೊಂಬೆ ಕತ್ತರಿಸಿ ಬೇರು ಬರಿಸ್ತಿದ್ದೆ. ಹೆಣ್ಣಿನ ಕೊಂಬೆ ಹೆಣ್ಣೇ ಆಗುತ್ತೆ. ಎರಡು ವರ್ಷದಲ್ಲಿ ಹಿತ್ತಿಲು ತುಂಬ್ತಿತ್ತು."

ನಾನು ಅವಳಿಗೆ ಟೀ ಕೊಡ್ತಾ ಇದ್ದೆ. ಅವಳು ಹಿಡಿಯೋ ಮುಂಚೆಯೇ ಲೋಟ ಕೆಳಗಿಟ್ಟುಬಿಟ್ಟೆ. "ಬಿಸಿಯಾ?" ಅಂತ ಕೇಳಿದಳು. "ಹೂಂ, ಬಿಸಿ," ಅಂದೆ.

ಮುಂದಿನ ಮೂರು ವಾರ ಹೇಗೆ ಕಳೆದವೋ. ಮನೆಯಲ್ಲಿ ಜಗಳವೇ ಇಲ್ಲ. ಜಗಳ ಆಡೋ ಮನೆಯೇ ವಾಸಿ. ಅತ್ತೆ ತಟ್ಟೆ ತಗೊಂಡು ತಮ್ಮ ಕೋಣೆಗೆ ಹೋಗಿಬಿಡೋರು. ಕಳುಹಿಸೋಕೆ ಅವರ ಬಳಿ ಮಾತೂ ಇರಲಿಲ್ಲ. ತಗಡಿನ ಶೀಟು ಬಂದು ಗೋಡೆಗೆ ಒರಗಿ ನಿಂತವು, ಇವರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಬೆಳಗ್ಗೆ ಭುಜಕ್ಕೆ ಮುಲಾಮು ಹಚ್ಚಿಸಿಕೊಂಡು ಏಣಿ ಹತ್ತೋಕೆ ಹೋಗೋರು. ಮಗಳು ಕೂಡ ತಮಾಷೆ ಬಿಟ್ಟಳು. "ಅಮ್ಮಾ, ಅಪ್ಪ ಬೇಕೂಂತ ಮಾಡಿದ್ರಾ?" ಅಂತ ಒಂದು ದಿನ ಕೇಳಿದಳು. "ಇಲ್ಲ ಕಣೆ." "ನಿನಗೆ ಹೆಂಗೊತ್ತು?" "ಗೊತ್ತು, ಬಿಡು," ಅಂತ ಗದರಿಸಿದೆ.

ಒಂದು ಸಂಜೆ ಭುಜ ತಿಕ್ಕಿಸಿಕೊಳ್ತಾ ಇವರು ಕೇಳಿದರು. "ನೀನಾದ್ರೂ ನಂಬ್ತೀಯಾ?"

"ನಂಬ್ತೀನಿ."

"ಸುಮ್ನೆ ಹೇಳ್ತಿಲ್ಲ ತಾನೆ?"

"ಇಲ್ಲ ರೀ. ನಂಬ್ತೀನಿ."

"ನನ್ನ ತಾಯಿಗೆ ನಾನು ಅಂಥೋನು ಅನ್ನಿಸ್ತಲ್ಲೇ." ಇವರ ದನಿ ಒಡೆದಿತ್ತು. "ಕೆಲಸದ ಹತ್ರ ಒಂದು ರೂಮು ನೋಡಿದ್ದೀನಿ. ಮುಂದಿನ ವಾರ ಹೋಗ್ತೀನಿ. ಅವಳ ಕಣ್ಣೆದುರು ಇದ್ರೆ ಅವಳಿಗೂ ಅನ್ನ ಇಳಿಯಲ್ಲ, ನನಗೂ ಇಳಿಯಲ್ಲ."

ಮುಲಾಮಿನ ಕೈ ಅಲ್ಲೇ ನಿಂತಿತು. ಅಯ್ಯೋ ನನ್ನ ದೇವರೇ ಅನ್ನಿಸಿತು. ಒಂದು ಲೋಟ ಟೀ ಕುಡಿಯೋಷ್ಟು ಹೊತ್ತು ಕೂತಿದ್ದಕ್ಕೆ ಮನೆಯೇ ಎರಡು ಹೋಳಾಗೋಕೆ ಹೊರಟಿತ್ತು.

ಮಾರನೇ ಬೆಳಗ್ಗೆ ಅತ್ತೆ ಹಿತ್ತಿಲಲ್ಲಿ ಗುಡಿಸ್ತಾ ಇದ್ದರು. ಏನನ್ನು ಗುಡಿಸ್ತಾ ಇದ್ದರೋ, ಅಲ್ಲಿ ಏನಿತ್ತು ಗುಡಿಸೋಕೆ. ನಾನು ಊಟದ ಡಬ್ಬಿ ಚೀಲ ಹೆಗಲಿಗೆ ಹಾಕಿಕೊಂಡೇ ಹೋಗಿ ನಿಂತೆ.

"ಅತ್ತೆ, ಅವರಿಗೆ ಗೊತ್ತಿರಲಿಲ್ಲ."

"ಗಂಡನ ಪರ ವಕಾಲತ್ತು ಮಾಡೋಕೆ ಬಂದ್ಯಾ?"

"ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಾಯ್ತು."

ಪೊರಕೆ ನಿಂತಿತು. "ಯಾವಾಗ?"

"ಗಂಟು ನೋಡ್ದೆ. ನಮ್ಮ ಲಾಂಡ್ರಿ ಗಂಟು. ಆಗ ಇನ್ನೂ ಆರು ನಿಂತಿದ್ವು."

"ಎಲ್ಲಿ?"

ಬೇಲಿ ಪಕ್ಕದ ಸಾಲು ತೋರಿಸಿದೆ. ಅವರು ಆ ಕಡೆ ನೋಡಿದರು. ಮುಚ್ಚಿದ ಗುಂಡಿಗಳ ಗುರುತು ಇನ್ನೂ ಇತ್ತು.

"ಕೂಗಬಹುದಿತ್ತಲ್ಲ."

"ಕೂಗಬಹುದಿತ್ತು."

"ಯಾಕೆ ಕೂಗಲಿಲ್ಲ?"

"ಸುಸ್ತಾಗಿತ್ತು ಅತ್ತೆ." ಬಸ್ಸಿನಲ್ಲಿ, ಇಸ್ತ್ರಿ ಮೇಜಿನ ಮುಂದೆ, ಎಷ್ಟೋ ಸಲ ಈ ಉತ್ತರ ಜೋಡಿಸಿಟ್ಟಿದ್ದೆ. ಹೇಳಿದಾಗ ಅದು ಎಷ್ಟು ಸಣ್ಣದಾಗಿ ಕೇಳಿಸಿತೋ. "ಆಗಷ್ಟೇ ಕೂತಿದ್ದೆ. ಮತ್ತೆ ಎದ್ದು, ಮತ್ತೆ ನಿಮ್ಮಿಬ್ಬರ ನಡುವೆ ಓಡಾಡೋದು ಬೇಡ ಅನ್ನಿಸ್ತು. ಶೆಡ್ಡೂ ಬೇಕಿತ್ತು ನನಗೆ. ಇವರು ಏಣಿ ಇಳೀಲಿ ಅಂತ. ಯಾವುದು ಎಷ್ಟು ಅಂತ ನನಗೇ ಗೊತ್ತಿಲ್ಲ. ನನಗೆ ಹೊಡೀರಿ, ಬೈರಿ, ಅವರನ್ನ ಮಾತ್ರ ಬಿಟ್ಟುಬಿಡಿ."

ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅತ್ತೆ ಬೈಯಲಿಲ್ಲ. ಪೊರಕೆಯನ್ನು ಬೇಲಿಗೆ ಒರಗಿಸಿ, ದಿಮ್ಮಿಯೊಂದರ ಮೇಲೆ ಕೂತರು.

"ಎಣ್ಣೆಯಮ್ಮನ ಹತ್ರ ಅವತ್ತು ಕಾಗದ ಬರೆಸ್ಕೊಂಡು ಬಂದೆನಲ್ಲ, ಯಾರ ಹೆಸರಲ್ಲಿ ಅಂತ ಕೇಳಲೇ ಇಲ್ಲ ನೀನು."

"ನಿಮ್ಮ ಹೆಸರಲ್ಲಿ."

"ನನಗೆ ಅರವತ್ತೆಂಟು. ಈ ಗಿಡ ಮೈತುಂಬ ಕಾಯಿ ಬಿಡೋಷ್ಟರಲ್ಲಿ ಎಪ್ಪತ್ತು. ಆ ಎಣ್ಣೆ ಹಚ್ಕೊಂಡು ನಾನು ಯಾವ ಮದುವೆಗೆ ಹೋಗ್ಲಿ? ನಿನ್ನ ಹೆಸರಲ್ಲಿ ಕಣೆ ಬರೆಸಿದ್ದು."

ನನ್ನ ಹೆಗಲ ಮೇಲಿದ್ದ ಚೀಲ ಜಾರಿತು.

"ನನಗೂ ನಿನ್ನ ವಯಸ್ಸಲ್ಲೇ ಮೊಣಕೈ ಶುರುವಾಗಿದ್ದು. ಆಮೇಲೆ ಬೆನ್ನು. ಆಮೇಲೆ ಬೆರಳು ಮಡಿಸೋಕಾಗಲ್ಲ. ನನ್ನ ಜಾಗಕ್ಕೆ ನಿನ್ನನ್ನ ಸೇರಿಸಿದ ದಿನವೇ ಅಂದ್ಕೊಂಡಿದ್ದೆ, ಇವಳನ್ನ ಮೂವತ್ತೈದು ವರ್ಷ ಅಲ್ಲಿ ಬಿಡಬಾರದು ಅಂತ. ಇನ್ನೆರಡು ವರ್ಷ. ಎರಡೇ ವರ್ಷದಲ್ಲಿ ಇಸ್ತ್ರಿ ಬಿಡಿಸ್ತಿದ್ದೆ ನಿನಗೆ."

"ಒಂದು ಮಾತು ಹೇಳಬಾರದಿತ್ತಾ ಅತ್ತೆ?" ಅಂದೆ. "ನಾಲ್ಕು ವರ್ಷದಲ್ಲಿ ಒಂದೇ ಒಂದು ಮಾತು?"

"ಹೆಣ್ಣೋ ಗಂಡೋ ಗೊತ್ತಿಲ್ಲದ ಗಿಡ ತೋರಿಸಿ ಯಾರಿಗಾದ್ರೂ ಆಸೆ ಹುಟ್ಟಿಸ್ತಾರಾ?"

ಗಂಡು ಗಿಡಗಳ ಹೂವೆಲ್ಲ ಉದುರಿ ಒಣಗಿ, ಬುಡದಲ್ಲಿ ಹಳದಿ ಹೊಟ್ಟು ಬಿದ್ದಿತ್ತು. ಅತ್ತೆ ಮಂಡಿ ಹಿಡಿದುಕೊಂಡು ಎದ್ದರು.

"ಅವನಿಗೆ ನಾನೇ ಹೇಳ್ಕೋತೀನಿ. ನನ್ನ ಮಗನ್ನ ನಾನೇ ಕಳ್ಳ ಮಾಡ್ದೆ, ನಾನೇ ಕೈ ಹಿಡಿದು ಕೇಳ್ಕೋಬೇಕು. ಗಂಡು ಗಿಡಗಳನ್ನೂ ಕಿತ್ತು ಶೆಡ್ಡು ಹಾಕ್ಲಿ. ಅವನಾದ್ರೂ ನೆಲದ ಮೇಲೆ ನಿಲ್ಲಲಿ."

"ಅತ್ತೆ, ಮತ್ತೆ ಬೀಜ ಹಾಕೋಣ. ನಾನೇ ನೀರು ಹಾಕ್ತೀನಿ. ಬೇಲಿ ಪಕ್ಕ ಒಂದೇ ಸಾಲಾದ್ರೂ..."

ಅವರು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ನನ್ನ ಹೆಗಲಿಂದ ಜಾರಿದ್ದ ಚೀಲವನ್ನು ಸರಿ ಮಾಡಿದರು.

"ಆರೂವರೆ ಆಯ್ತು," ಅಂದರು. "ಬಸ್ಸು ಹೋಗಿಬಿಡುತ್ತೆ. ನಡಿ."

ನಡೆದೆ. ಅವತ್ತು ಹೋಟೆಲ್ ಭರ್ತಿ. ಏಪ್ರನ್ ಕಟ್ಟಿಕೊಂಡು, ಇಸ್ತ್ರಿ ಬಿಸಿಗಿಟ್ಟು, ಮೊದಲನೇ ಬೆಡ್‌ಶೀಟು ಹಾಸಿದೆ.